ಬೆಲೆ ಬೇರೆ, ಮೌಲ್ಯ ಬೇರೆ: ಒಂದು ಹರಾಜಿನ ಆಟದ ಇತಿಹಾಸ



ಮಾರ್ಚ್ ತಿಂಗಳು ಬಂದಿತೆಂದರೆ ನಮ್ಮಲ್ಲಿ ಪರೀಕ್ಷೆಗಳ ಕಾಲ. ಅಮೆರಿಕದಲ್ಲಿ ಅದು ಇನ್ನೊಂದು ಬಗೆಯ ಲೆಕ್ಕಾಚಾರದ ಕಾಲ. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರು ತಮ್ಮ ಕಚೇರಿಯ ಗೆಳೆಯರೊಡನೆ ‘ಫ್ಯಾಂಟಸಿ ಬೇಸ್‌ಬಾಲ್’ ಎಂಬ ಆಟವನ್ನು ಆಡುತ್ತಾರೆ. ತರಗತಿಯಲ್ಲಿ ಕಲಿತ ಸರಾಸರಿ, ಶೇಕಡಾವಾರು ಇವೆಲ್ಲ ಈ ಆಟದಲ್ಲಿ ಉಪಯೋಗಕ್ಕೆ ಬರುತ್ತವೆಂದು ಅವರು ಹೇಳಿದಾಗ, ನಲವತ್ತು ವರ್ಷ ಗಣಿತ ಬೋಧಿಸಿದ ನನಗೆ ಕುತೂಹಲ ಹುಟ್ಟದಿರಲು ಸಾಧ್ಯವೇ? ಓದುತ್ತ ಹೋದಂತೆ ಇದು ಬರಿಯ ಆಟದ ಸಂಗತಿಯಲ್ಲವೆಂದು ಮನವರಿಕೆಯಾಯಿತು. ಒಬ್ಬ ಮನುಷ್ಯನ ನಾಳೆಯ ಸಾಧನೆಯನ್ನು ಇಂದೇ ಅಳೆದು ಅದಕ್ಕೊಂದು ಬೆಲೆ ಕಟ್ಟಲು ಸಾಧ್ಯವೇ ಎಂಬ ಹಳೆಯ ಪ್ರಶ್ನೆಯೇ ಇದರ ಒಳಗಿದೆ. ಶಿಕ್ಷಕರಾದ ನಾವು ಜೀವಮಾನವಿಡೀ ಎದುರಿಸುವ ಪ್ರಶ್ನೆಯೂ ಅದೇ ಆದ್ದರಿಂದ, ಈ ಆಟದ ಇತಿಹಾಸವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಆಟದ ಸ್ವರೂಪ. ಹತ್ತು ಹನ್ನೆರಡು ಗೆಳೆಯರು ಒಂದು ಕೂಟ ಕಟ್ಟಿಕೊಂಡು, ನಿಜವಾದ ವೃತ್ತಿಪರ ಬೇಸ್‌ಬಾಲ್ ಆಟಗಾರರ ಹೆಸರುಗಳನ್ನು ತಮ್ಮ ತಮ್ಮ ಕಾಲ್ಪನಿಕ ತಂಡಗಳಿಗೆ ಆರಿಸಿಕೊಳ್ಳುತ್ತಾರೆ. ಆ ಆಟಗಾರರು ನಿಜವಾದ ಮೈದಾನದಲ್ಲಿ ಗಳಿಸುವ ಅಂಕಿಗಳೇ ಈ ಕಾಗದದ ತಂಡಗಳ ಸೋಲುಗೆಲುವನ್ನು ನಿರ್ಧರಿಸುತ್ತವೆ. ಬೇಸ್‌ಬಾಲಿನಲ್ಲಿ ಪ್ರತಿಯೊಂದು ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನಾಡುತ್ತದೆ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಹೆಚ್ಚುಕಡಿಮೆ ದಿನವೂ ಪಂದ್ಯವಿರುವುದರಿಂದ ಅಂಕಿಗಳಿಗೆ ಕೊರತೆಯಿಲ್ಲ.

ಆ ಅಂಕಿಗಳ ಪರಂಪರೆಗೆ ಮೂಲಪುರುಷ ಹೆನ್ರಿ ಚಾಡ್ವಿಕ್. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನ್ಯೂಯಾರ್ಕಿನ ಬ್ರೂಕ್ಲಿನ್ನಿಗೆ ಬಂದ ಈತ ಮೊದಲು ವರದಿ ಮಾಡುತ್ತಿದ್ದುದು ಕ್ರಿಕೆಟ್ಟನ್ನು! ಕ್ರಿಕೆಟ್ಟಿನ ಅಂಕಪಟ್ಟಿಯ ಮಾದರಿಯಲ್ಲಿಯೇ 1859ರಲ್ಲಿ ಬೇಸ್‌ಬಾಲಿಗೂ ಒಂದು ಅಂಕಪಟ್ಟಿಯನ್ನು ರೂಪಿಸಿದ. ಪಂದ್ಯವನ್ನು ನೋಡದವನೂ ಮರುದಿನ ಪತ್ರಿಕೆಯಲ್ಲಿ ಆ ಪುಟ್ಟ ಚೌಕವನ್ನು ಓದಿ, ಯಾರು ಏನು ಮಾಡಿದರೆಂದು ತಿಳಿಯಬಹುದಾಯಿತು. ಆಟಗಾರನೊಬ್ಬನನ್ನು ಅಂಕಿಗಳ ಸಾಲಾಗಿ ಕಾಣುವ ಅಭ್ಯಾಸ ಅಮೆರಿಕನ್ನರಿಗೆ ಬಂದದ್ದು ಹೀಗೆ.

ನೂರು ವರ್ಷಗಳ ಬಳಿಕ, 1960ರಲ್ಲಿ, ಬಾಸ್ಟನ್ ಪ್ರದೇಶದಲ್ಲಿದ್ದ ವಿಲಿಯಂ ಗ್ಯಾಮ್ಸನ್ ಎಂಬ ಯುವ ಸಮಾಜಶಾಸ್ತ್ರಜ್ಞ ಕೆಲವು ಗೆಳೆಯರೊಡನೆ ಒಂದು ಆಟವನ್ನು ಆರಂಭಿಸಿದ. ಆಟಗಾರರ ಹೆಸರುಗಳನ್ನು ಹಂಚಿಕೊಂಡು, ಋತುವಿನ ಕೊನೆಗೆ ಅವರ ಬ್ಯಾಟಿಂಗ್ ಸರಾಸರಿ ಮೊದಲಾದ ಅಂಕಿಗಳ ಆಧಾರದ ಮೇಲೆ ಗೆದ್ದವರನ್ನು ನಿರ್ಣಯಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಬೇಸ್‌ಬಾಲ್ ಸೆಮಿನಾರ್’. ವಿದ್ವಾಂಸರು ಆಡುವ ಆಟಕ್ಕೂ ವಿಚಾರಗೋಷ್ಠಿಯ ಹೆಸರೇ ಬೇಕು ನೋಡಿ! ಗ್ಯಾಮ್ಸನ್ ಮುಂದೆ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಆಟವೂ ಅವನೊಡನೆ ಹೋಯಿತು. ಅಲ್ಲಿ ಅದನ್ನು ಆಡುತ್ತಿದ್ದ ರಾಬರ್ಟ್ ಸ್ಕ್ಲಾರ್ ಎಂಬ ಪ್ರಾಧ್ಯಾಪಕರ ಶಿಷ್ಯ ಡೇನಿಯಲ್ ಓಕ್ರೆಂಟ್ ಎಂಬ ತರುಣ ಅದರ ಸುದ್ದಿಯನ್ನು ಕೇಳಿಸಿಕೊಂಡ. ಗುರುಗಳು ಪಾಠದ ನಡುವೆ ಆಡುವ ಹೊರಗಿನ ಮಾತೇ ಕೆಲವೊಮ್ಮೆ ಶಿಷ್ಯರ ನೆನಪಿನಲ್ಲಿ ಉಳಿಯುತ್ತದೆಂಬುದು ನಿಮಗೂ ಗೊತ್ತಿರುವ ವಿಷಯವೇ.

ಪುಸ್ತಕ ಸಂಪಾದಕನೂ ಲೇಖಕನೂ ಆಗಿ ಬೆಳೆದ ಓಕ್ರೆಂಟ್ 1979ರ ಕೊನೆಯಲ್ಲಿ ಟೆಕ್ಸಾಸಿಗೆ ವಿಮಾನದಲ್ಲಿ ಹೋಗುತ್ತಿದ್ದಾಗ ಹೊಸ ನಿಯಮಗಳನ್ನು ರೂಪಿಸಿದ. ನ್ಯೂಯಾರ್ಕಿನಲ್ಲಿ ಅವನೂ ಗೆಳೆಯರೂ ಊಟಕ್ಕೆ ಸೇರುತ್ತಿದ್ದ ಹೋಟೆಲಿನ ಹೆಸರು ‘ಲಾ ರೋಟಿಸರಿ ಫ್ರಾನ್ಸೇಸ್’. ಹಾಗಾಗಿ ಕೂಟಕ್ಕೆ ‘ರೋಟಿಸರಿ ಲೀಗ್’ ಎಂದು ಹೆಸರಾಯಿತು. 1980ರ ಏಪ್ರಿಲಿನಲ್ಲಿ ಅವರ ಮೊದಲ ಹರಾಜು ನಡೆಯಿತು.

ಆ ಹರಾಜು ಯಾವ ಕಾಲದಲ್ಲಿ ನಡೆಯಿತೆಂಬುದನ್ನು ಗಮನಿಸಬೇಕು. ಅದಕ್ಕೆ ಕೆಲವೇ ವರ್ಷಗಳ ಹಿಂದಿನವರೆಗೂ ಬೇಸ್‌ಬಾಲ್ ಆಟಗಾರನೊಬ್ಬ ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದರೆ ಅವನು ಆ ತಂಡದ ಸ್ವತ್ತು. ಮಾಲೀಕರು ಅವನನ್ನು ಇನ್ನೊಂದು ತಂಡಕ್ಕೆ ಮಾರಬಹುದಿತ್ತು, ಆದರೆ ಅವನು ತಾನಾಗಿ ಹೋಗುವಂತಿರಲಿಲ್ಲ. 1969ರಲ್ಲಿ ಸೇಂಟ್ ಲೂಯಿಸ್ ತಂಡದ ಕರ್ಟ್ ಫ್ಲಡ್ ಎಂಬ ಕಪ್ಪು ಜನಾಂಗದ ಆಟಗಾರನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಾಗ, ನಾನು ಮಾರಾಟದ ವಸ್ತುವಲ್ಲವೆಂದು ಆತ ತಿರುಗಿಬಿದ್ದು ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ, ವೃತ್ತಿಜೀವನವನ್ನೂ ಕಳೆದುಕೊಂಡ. ಆದರೆ 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರ ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ ಕೊಟ್ಟ ತೀರ್ಪು ಆ ಸಂಕೋಲೆಯನ್ನು ಕಡಿಯಿತು. ಆಟಗಾರರು ಮುಕ್ತ ಮಾರುಕಟ್ಟೆಗೆ ಬಂದರು. 1979ರ ನವೆಂಬರಿನಲ್ಲಿ ನೋಲನ್ ರಯಾನ್ ಎಂಬ ಎಸೆತಗಾರನಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಒಪ್ಪಂದವಾಯಿತು. ಯಾರ ಬೆಲೆ ಎಷ್ಟು ಎಂಬ ಚರ್ಚೆ ಇಡೀ ದೇಶದಲ್ಲಿ ನಡೆಯುತ್ತಿದ್ದ ಆ ಚಳಿಗಾಲದಲ್ಲಿಯೇ ಓಕ್ರೆಂಟನ ಹರಾಜಿನ ಕಲ್ಪನೆ ಹುಟ್ಟಿತು. ಮಾಲೀಕರಾಗುವ ಕನಸನ್ನು ಇನ್ನೂರು ಚಿಲ್ಲರೆ ಡಾಲರಿನಲ್ಲಿ ಸಾಮಾನ್ಯ ಓದುಗನಿಗೂ ಒದಗಿಸಿದ್ದೇ ಅದರ ಆಕರ್ಷಣೆ.

ಈಗ ಹರಾಜಿನ ಗಣಿತಕ್ಕೆ ಬರೋಣ. ಪೆನ್ನು ಕಾಗದ ಹತ್ತಿರವಿದ್ದರೆ ಒಳ್ಳೆಯದು.

ರೂಢಿಗೆ ಬಂದ ನಿಯಮದಂತೆ ಪ್ರತಿಯೊಬ್ಬ ‘ಮಾಲೀಕ’ನ ಬಳಿ 260 ಡಾಲರ್. ಅದರಲ್ಲಿ 14 ಬ್ಯಾಟುಗಾರರು, 9 ಎಸೆತಗಾರರು, ಒಟ್ಟು 23 ಮಂದಿಯನ್ನು ಕೊಳ್ಳಬೇಕು. ಕನಿಷ್ಠ ಸವಾಲು ಒಂದು ಡಾಲರ್. ಎಂಟು ವಿಷಯಗಳಲ್ಲಿ ಸ್ಪರ್ಧೆ. ಬ್ಯಾಟುಗಾರರಿಗೆ ಸರಾಸರಿ, ಹೋಮ್ ರನ್, ತಂದುಕೊಟ್ಟ ರನ್ನುಗಳು ಮತ್ತು ಕದ್ದ ಬೇಸುಗಳು. ಎಸೆತಗಾರರಿಗೆ ಗೆಲುವು, ಕೊನೆಯಲ್ಲಿ ಬಂದು ಉಳಿಸಿಕೊಟ್ಟ ಪಂದ್ಯಗಳು, ಬಿಟ್ಟುಕೊಟ್ಟ ರನ್ನುಗಳ ಸರಾಸರಿ, ಮತ್ತು ಒಂದು ಇನ್ನಿಂಗ್ಸಿಗೆ ಎಷ್ಟು ಮಂದಿಯನ್ನು ಬೇಸಿಗೆ ಬಿಟ್ಟರೆಂಬ ಲೆಕ್ಕ. ಈ ಕೊನೆಯದು ಓಕ್ರೆಂಟ್ ಆಟಕ್ಕಾಗಿಯೇ ಕಟ್ಟಿದ ಅಳತೆ. ಇಂದು ಅದು ದೂರದರ್ಶನದ ನಿಜ ಪ್ರಸಾರಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಹನ್ನೆರಡು ತಂಡಗಳಿದ್ದರೆ ಪ್ರತಿ ವಿಷಯದಲ್ಲಿ ಮೊದಲನೆಯವನಿಗೆ 12 ಅಂಕ, ಕೊನೆಯವನಿಗೆ 1. ಎಲ್ಲದರಲ್ಲಿಯೂ ಮೊದಲಾದವನಿಗೆ 96. ನಮ್ಮ ಶಾಲೆಯ ಅಂಕಪಟ್ಟಿಯಂತೆಯೇ, ಒಂದು ವಿಷಯದಲ್ಲಿ ನೂರಕ್ಕೆ ನೂರು ಪಡೆದು ಉಳಿದವುಗಳಲ್ಲಿ ಹಿಂದೆ ಬಿದ್ದರೆ ಪ್ರಯೋಜನವಿಲ್ಲ.

ಹನ್ನೆರಡು ಮಂದಿಯ ಬಳಿ ಒಟ್ಟು 3120 ಡಾಲರ್, ಕೊಳ್ಳಬೇಕಾದವರು 276 ಆಟಗಾರರು. ಪ್ರತಿಯೊಬ್ಬನಿಗೂ ಒಂದು ಡಾಲರನ್ನಾದರೂ ಕೊಡಲೇಬೇಕಾದ್ದರಿಂದ 276 ಡಾಲರನ್ನು ಬದಿಗಿಡಿ. ಉಳಿದ 2844 ಡಾಲರುಗಳಷ್ಟೇ ನಿಜವಾಗಿ ಪ್ರತಿಭೆಯ ಮೇಲೆ ಹೂಡುವ ಹಣ. ಹಾಗಾದರೆ ಪ್ರತಿಭೆಯನ್ನು ಎಲ್ಲಿಂದ ಅಳೆಯಬೇಕು? ಸೊನ್ನೆಯಿಂದ ಅಳೆಯುವುದು ಸರಿಯಲ್ಲ. ಯಾರೂ ಕೊಳ್ಳದೆ ಉಳಿಯುವ 277ನೆಯ ಆಟಗಾರನಿಂದ ಅಳೆಯಬೇಕು. ಅವನು ಪುಕ್ಕಟೆಯಾಗಿ ಸಿಗುತ್ತಾನಲ್ಲ! ಅವನಿಗಿಂತ ಎಷ್ಟು ಹೆಚ್ಚು ಎಂಬುದೇ ಒಬ್ಬನ ಮೌಲ್ಯ. ಎಲ್ಲರ ಹೆಚ್ಚಳವನ್ನೂ ಕೂಡಿಸಿದಾಗ ಒಬ್ಬನ ಪಾಲು ನೂರಕ್ಕೆ ಒಂದು ಬಂದರೆ, 2844ರಲ್ಲಿ ನೂರನೇ ಒಂದು ಭಾಗ, ಅದಕ್ಕೊಂದು ಡಾಲರ್ ಸೇರಿಸಿ, ಸುಮಾರು 29 ಡಾಲರ್ ಅವನ ನ್ಯಾಯವಾದ ಬೆಲೆ.

ಸ್ಥಾನವೂ ಮುಖ್ಯ. ಪ್ರತಿ ತಂಡಕ್ಕೆ ಇಬ್ಬರು ಕ್ಯಾಚರುಗಳು, ಅಂದರೆ ನಮ್ಮ ವಿಕೆಟ್ ಕೀಪರಿನಂಥವರು, ಬೇಕು. ಹನ್ನೆರಡು ತಂಡಗಳಿಗೆ 24 ಮಂದಿ. ಚೆನ್ನಾಗಿ ಬ್ಯಾಟು ಬೀಸುವ ಕ್ಯಾಚರುಗಳು ವಿರಳವಾದ್ದರಿಂದ ಇಪ್ಪತ್ತನಾಲ್ಕನೆಯವನು ಬಹಳ ದುರ್ಬಲನಾಗಿರುತ್ತಾನೆ. ಆದ್ದರಿಂದ ಅದೇ ಅಂಕಿಗಳನ್ನು ಗಳಿಸುವ ದೂರದ ಕ್ಷೇತ್ರರಕ್ಷಕನಿಗಿಂತ ಕ್ಯಾಚರಿನ ಬೆಲೆ ಹೆಚ್ಚು. ಒಬ್ಬನ ಮೌಲ್ಯ ಅವನೊಳಗೇ ಇರುವುದಲ್ಲ, ಅವನ ಜಾಗಕ್ಕೆ ಬೇರೆ ಯಾರು ಸಿಗುತ್ತಾರೆಂಬುದರಲ್ಲಿಯೂ ಇದೆ.

ಕೆಲವು ಕೂಟಗಳಲ್ಲಿ ಹಳೆಯ ಆಟಗಾರರನ್ನು ಹಳೆಯ ಅಗ್ಗದ ಬೆಲೆಗೇ ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಹನ್ನೆರಡು ಮಂದಿ ಸೇರಿ, ನಿಜವಾಗಿ 800 ಡಾಲರ್ ಬಾಳುವವರನ್ನು 500 ಡಾಲರಿಗೆ ಉಳಿಸಿಕೊಂಡರೆಂದುಕೊಳ್ಳಿ. ಆಗ ಹರಾಜಿಗೆ ಉಳಿದ ಹಣ 2620, ಉಳಿದ ಮೌಲ್ಯ 2320. ಭಾಗಿಸಿದರೆ ಸುಮಾರು ಶೇಕಡಾ 13ರ ಹಣದುಬ್ಬರ! ಮೂವತ್ತು ಡಾಲರಿನ ಆಟಗಾರ ಅಂದು ಮೂವತ್ತನಾಲ್ಕಕ್ಕೆ ಹೋಗುತ್ತಾನೆ. ಅರ್ಥಶಾಸ್ತ್ರದ ಪಾಠವೊಂದನ್ನು ಇದಕ್ಕಿಂತ ಸರಳವಾಗಿ ಕಲಿಸಲು ಸಾಧ್ಯವಿಲ್ಲ.

ಹರಾಜಿಲ್ಲದೆ ಸರದಿಯಂತೆ ಆರಿಸುವ ಪದ್ಧತಿಯೂ ಉಂಟು. ಮೊದಲ ಸುತ್ತಿನಲ್ಲಿ ಒಂದರಿಂದ ಹನ್ನೆರಡು, ಎರಡನೆಯದರಲ್ಲಿ ಹನ್ನೆರಡರಿಂದ ಒಂದು, ಹೀಗೆ ಹಾವಿನ ನಡಿಗೆಯಲ್ಲಿ ಸಾಗುತ್ತದೆ. ಆದರೆ ಅಲ್ಲಿ ಅತ್ಯುತ್ತಮ ಆಟಗಾರ ಚೀಟಿಯೆತ್ತಿ ಮೊದಲ ಸರದಿ ಪಡೆದವನ ಪಾಲು. ಹರಾಜಿನಲ್ಲಿ ಪ್ರತಿಯೊಬ್ಬನಿಗೂ ಪ್ರತಿಯೊಬ್ಬ ಆಟಗಾರನನ್ನೂ ಪಡೆಯುವ ಅವಕಾಶವಿದೆ, ಅಪಾಯವೂ ಇದೆ. 1971ರಲ್ಲಿ ಕೇಪನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಎಂಬ ಮೂವರು ತೈಲ ಎಂಜಿನಿಯರುಗಳು ಮೆಕ್ಸಿಕೊ ಕೊಲ್ಲಿಯ ತೈಲ ಪ್ರದೇಶಗಳ ಹರಾಜನ್ನು ಪರಿಶೀಲಿಸಿ ಒಂದು ವಿಚಿತ್ರವನ್ನು ಗುರುತಿಸಿದರು. ಎಲ್ಲರೂ ಅಂದಾಜು ಮಾಡುವಾಗ ಗೆಲ್ಲುವವನು ಅತಿ ಹೆಚ್ಚು ಅಂದಾಜು ಮಾಡಿದವನು. ಆದ್ದರಿಂದಲೇ ಅವನು ಬಹುಪಾಲು ಹೆಚ್ಚು ಹಣ ತೆತ್ತಿರುತ್ತಾನೆ. ಇದನ್ನು ‘ಗೆದ್ದವನ ಶಾಪ’ ಎನ್ನುತ್ತಾರೆ. ಅಡಿಕೆ ಮಂಡಿಯಲ್ಲಿಯೋ ಚೀಟಿಯ ಹರಾಜಿನಲ್ಲಿಯೋ ಹಟಕ್ಕೆ ಬಿದ್ದು ಸವಾಲು ಕೂಗಿದವರ ಮುಖವನ್ನು ನೋಡಿದ್ದ ನಮ್ಮ ಹಿರಿಯರಿಗೆ ಈ ತತ್ತ್ವ ಹೊಸದಲ್ಲ.

ರೋಟಿಸರಿ ಕೂಟದ ಸುದ್ದಿ ಹರಡಿದ್ದು ಒಂದು ಮುಷ್ಕರದಿಂದ. 1981ರ ಜೂನಿನಲ್ಲಿ ಆಟಗಾರರು ಮುಷ್ಕರ ಹೂಡಿದಾಗ 713 ಪಂದ್ಯಗಳು ರದ್ದಾದವು. ಬರೆಯಲು ಪಂದ್ಯಗಳೇ ಇಲ್ಲದ ಪತ್ರಕರ್ತರಿಗೆ, ಅವರಲ್ಲಿ ಹಲವರು ಆಗಲೇ ಆಡತೊಡಗಿದ್ದ ಈ ಆಟವೇ ಸುದ್ದಿಯಾಯಿತು. 1984ರಲ್ಲಿ ನಿಯಮಗಳ ಪುಸ್ತಕ ಬಂದಿತು. ಗಣಕಯಂತ್ರಗಳು ಮನೆಮನೆಗೆ ಬರುವ ಮುನ್ನ ಪತ್ರಿಕೆಯ ಅಂಕಪಟ್ಟಿಗಳನ್ನು ನೋಡಿ ಕೈಯಿಂದಲೇ ಲೆಕ್ಕ ಹಾಕುತ್ತಿದ್ದರು. ಅಂತರಜಾಲ ಬಂದ ಮೇಲೆ ಆ ಕೆಲಸ ಕ್ಷಣಾರ್ಧದ್ದಾಯಿತು, ಆಟವೂ ಲಕ್ಷಾಂತರ ಜನರದಾಯಿತು. ಇಷ್ಟೆಲ್ಲ ಆದರೂ ತಾನೇ ಹುಟ್ಟುಹಾಕಿದ ಕೂಟದಲ್ಲಿ ಓಕ್ರೆಂಟ್ ಒಮ್ಮೆಯೂ ಗೆಲ್ಲಲಿಲ್ಲವೆಂಬುದು ಪ್ರಸಿದ್ಧ ಸಂಗತಿ.

ಬೆಲೆ ಕಟ್ಟಬೇಕಾದರೆ ಮೊದಲು ಮುನ್ನಂದಾಜು ಬೇಕು. ಮುಂಬರುವ ಋತುವಿನಲ್ಲಿ ಈತ ಎಷ್ಟು ಹೋಮ್ ರನ್ ಹೊಡೆಯಬಹುದು? “ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು” ಎನ್ನುತ್ತದೆ ನಮ್ಮ ಗಾದೆ. “ಕೂಸು ಹುಟ್ಟುವ ಮುಂಚೆ ಕುಲಾವಿ” ಎಂದು ಇನ್ನೊಂದು ಗಾದೆ ಎಚ್ಚರಿಸುತ್ತದೆ. ಮುನ್ನಂದಾಜಿನ ಇತಿಹಾಸವೆಲ್ಲ ಈ ಎರಡು ಗಾದೆಗಳ ನಡುವಿನ ತೂಗಾಟವೇ.

ಕಾನ್ಸಾಸಿನ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರನಾಗಿದ್ದ ಬಿಲ್ ಜೇಮ್ಸ್ 1977ರಲ್ಲಿ ಬೇಸ್‌ಬಾಲ್ ಅಂಕಿಅಂಶಗಳ ಬಗೆಗೆ 68 ಪುಟಗಳ ಪುಸ್ತಿಕೆಯೊಂದನ್ನು ತಾನೇ ಅಚ್ಚು ಹಾಕಿಸಿದ. ಮಾರಾಟವಾದದ್ದು 75 ಪ್ರತಿಗಳು. ತಂಡಗಳ ಪಂಡಿತರು ನಂಬಿದ್ದ ಎಷ್ಟೋ ಮಾತುಗಳನ್ನು ಅವನು ಅಂಕಿಗಳ ಒರೆಗೆ ಹಚ್ಚಿದ. ಅವನನ್ನು ದೇಶಕ್ಕೆ ಪರಿಚಯಿಸಿದ 1981ರ ಪತ್ರಿಕಾಲೇಖನದ ಕರ್ತೃ ಇದೇ ಓಕ್ರೆಂಟ್. 2003ರಲ್ಲಿ ನೇಟ್ ಸಿಲ್ವರ್ ಎಂಬ ತರುಣನ ‘ಪೆಕೋಟಾ’ ಎಂಬ ಪದ್ಧತಿ ಪ್ರಕಟವಾಯಿತು. ಒಬ್ಬ ಆಟಗಾರನನ್ನು ಅವನದೇ ವಯಸ್ಸಿನಲ್ಲಿ ಅವನಂತೆಯೇ ಇದ್ದ ಹಿಂದಿನ ಕಾಲದ ಆಟಗಾರರೊಡನೆ ಹೋಲಿಸಿ, ಒಂದೇ ಸಂಖ್ಯೆಯ ಬದಲು ಹೀಗೂ ಆಗಬಹುದು ಹಾಗೂ ಆಗಬಹುದು ಎಂಬ ವ್ಯಾಪ್ತಿಯನ್ನು ಅದು ಕೊಡುತ್ತಿತ್ತು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಟಾಮ್ ಟ್ಯಾಂಗೊ ಎಂಬ ಅಂಕಿಅಂಶತಜ್ಞನ ‘ಮಾರ್ಸೆಲ್’. ಒಂದು ದೂರದರ್ಶನ ಧಾರಾವಾಹಿಯಲ್ಲಿ ಬರುವ ಕೋತಿಯ ಹೆಸರದು. ಕೋತಿಯೂ ಮಾಡಬಲ್ಲಷ್ಟು ಸರಳವೆಂಬ ಪರಿಹಾಸ. ಕಳೆದ ಮೂರು ವರ್ಷಗಳ ಅಂಕಿಗಳನ್ನು 5, 4, 3ರ ತೂಕದಲ್ಲಿ ತೆಗೆದುಕೊಳ್ಳಿ. ಇತ್ತೀಚಿನ ವರ್ಷ 30, ಅದರ ಹಿಂದೆ 20, ಅದಕ್ಕೂ ಹಿಂದೆ 10 ಹೋಮ್ ರನ್ ಹೊಡೆದವನ ತೂಕದ ಸರಾಸರಿ 260ನ್ನು 12ರಿಂದ ಭಾಗಿಸಿದಷ್ಟು, ಸುಮಾರು 22. ಅದನ್ನು ಎಲ್ಲ ಆಟಗಾರರ ಸರಾಸರಿಯ ಕಡೆಗೆ ಸ್ವಲ್ಪ ಎಳೆಯಿರಿ. 29 ವರ್ಷಕ್ಕಿಂತ ಚಿಕ್ಕವನಾದರೆ ತುಸು ಏರಿಸಿ, ದೊಡ್ಡವನಾದರೆ ತುಸು ಇಳಿಸಿ. ಅಷ್ಟೇ! ಬಹಳ ಜಟಿಲವಾದ ಪದ್ಧತಿಗಳೂ ಇದಕ್ಕಿಂತ ಅಷ್ಟೇನೂ ಮುಂದೆ ಹೋಗಲಿಲ್ಲವೆಂಬುದು ಗಮನಾರ್ಹ.

‘ಸರಾಸರಿಯ ಕಡೆಗೆ ಎಳೆಯುವುದು’ ಏಕೆ? ತಂದೆತಾಯಿಯರ ಎತ್ತರವನ್ನೂ ಮಕ್ಕಳ ಎತ್ತರವನ್ನೂ ಅಳೆದ ಫ್ರಾನ್ಸಿಸ್ ಗಾಲ್ಟನ್ ಈ ತತ್ತ್ವವನ್ನು 1886ರಲ್ಲಿ ಪ್ರಕಟಿಸಿದ. ಅತಿ ಎತ್ತರದವರ ಮಕ್ಕಳು ಎತ್ತರವಾಗಿಯೇ ಇರುತ್ತಾರೆ, ಆದರೆ ತಂದೆತಾಯಿಯರಷ್ಟು ಅಲ್ಲ. ಅಸಾಮಾನ್ಯ ಫಲಿತಾಂಶವೊಂದರಲ್ಲಿ ಸಾಮರ್ಥ್ಯದ ಜೊತೆಗೆ ಅದೃಷ್ಟವೂ ಬೆರೆತಿರುತ್ತದೆ. ಸಾಮರ್ಥ್ಯ ಮರುವರ್ಷಕ್ಕೂ ಬರುತ್ತದೆ, ಅದೃಷ್ಟ ಬರಲೇಬೇಕೆಂದಿಲ್ಲ. ಶಿಕ್ಷಕರ ಕೊಠಡಿಗಳಲ್ಲಿ ಕೇಳಿಬರುವ ಎರಡು ಮಾತುಗಳು ನನಗೆ ಇಲ್ಲಿ ನೆನಪಾಗುತ್ತವೆ. ಮೊದಲ ಕಿರುಪರೀಕ್ಷೆಯಲ್ಲಿ 98 ಪಡೆದ ಹುಡುಗ ಮುಂದಿನದರಲ್ಲಿ 90ಕ್ಕೆ ಇಳಿದರೆ “ಹೊಗಳಿದ್ದರಿಂದ ತಲೆ ತಿರುಗಿದೆ” ಎನ್ನುತ್ತಾರೆ. 20 ಪಡೆದವನು 30ಕ್ಕೆ ಏರಿದರೆ “ಗದರಿದ್ದಕ್ಕೆ ಬುದ್ಧಿ ಬಂತು” ಎನ್ನುತ್ತಾರೆ. ಹೊಗಳಿಕೆಯೂ ಗದರಿಕೆಯೂ ಇಲ್ಲದಿದ್ದರೂ ಇಬ್ಬರೂ ಬಹುಮಟ್ಟಿಗೆ ಅಲ್ಲಿಗೇ ಬರುತ್ತಿದ್ದರೇನೋ! ಮಗುವಿನ ಬೆನ್ನ ಮೇಲೆ ಬಿದ್ದ ಎಷ್ಟೋ ಏಟುಗಳಿಗೆ ಈ ಗಣಿತ ತಿಳಿಯದಿದ್ದುದೇ ಕಾರಣವೆಂದು ನಾನು ನಂಬುತ್ತೇನೆ.

ಆಟಕ್ಕಾಗಿ ಕೇಳಿದ ಪ್ರಶ್ನೆಯೊಂದು ನಿಜವಾದ ಶೋಧಕ್ಕೆ ದಾರಿಯಾದ ಪ್ರಸಂಗವನ್ನೂ ಹೇಳಬೇಕು. ಯಾವ ತಂಡದ ನೌಕರಿಯೂ ಇಲ್ಲದ ವೊರೊಸ್ ಮೆಕ್‌ಕ್ರ್ಯಾಕೆನ್ ಎಂಬಾತ ತನ್ನ ಫ್ಯಾಂಟಸಿ ತಂಡಕ್ಕೆ ಯಾವ ಎಸೆತಗಾರರನ್ನು ಆರಿಸಬೇಕೆಂದು ಯೋಚಿಸುತ್ತ, ಎಸೆತಗಾರನ ಕೈಯಲ್ಲಿ ನಿಜವಾಗಿ ಇರುವುದೇನೆಂದು ವಿಂಗಡಿಸಿದ. ದಾಂಡಿಗನನ್ನು ಚೆಂಡು ತಾಗದಂತೆ ಔಟು ಮಾಡುವುದು, ಪುಕ್ಕಟೆಯಾಗಿ ಬೇಸ್ ಕೊಡುವುದು, ಹೋಮ್ ರನ್ ಬಿಟ್ಟುಕೊಡುವುದು ಅವನ ಹೊಣೆ. ಆದರೆ ಮೈದಾನದೊಳಗೆ ಹೊಡೆದ ಚೆಂಡು ಕೈಗೆ ಸಿಗುವುದೋ ನುಸುಳಿಹೋಗುವುದೋ ಎಂಬುದರಲ್ಲಿ ಎಸೆತಗಾರನ ಪಾತ್ರ ಬಹಳ ಕಡಿಮೆ. ಅದರಲ್ಲಿ ಕ್ಷೇತ್ರರಕ್ಷಕರದೂ ಅದೃಷ್ಟದ್ದೂ ಪಾಲು ದೊಡ್ಡದು. 2001ರಲ್ಲಿ ಪ್ರಕಟವಾದ ಈ ವಾದವನ್ನು ಮೊದಲು ಎಲ್ಲರೂ ಸಂಶಯಿಸಿದರು. ಪರೀಕ್ಷಿಸಿದ ಬಿಲ್ ಜೇಮ್ಸ್ ಅದರಲ್ಲಿ ಬಹಳ ಸತ್ಯವಿದೆಯೆಂದು ಒಪ್ಪಿಕೊಂಡ. ಕಾಲಾಂತರದಲ್ಲಿ ನಿಜವಾದ ತಂಡಗಳು ಎಸೆತಗಾರರಿಗೆ ಬೆಲೆ ಕಟ್ಟುವ ಕ್ರಮವೇ ಬದಲಾಯಿತು.

ಈ ಅಂಕಿಗಳು ಯಾರ ಆಸ್ತಿ ಎಂಬ ಪ್ರಶ್ನೆಯೂ ಎದ್ದಿತು. ಬೇಸ್‌ಬಾಲ್ ಸಂಸ್ಥೆಯು ಆಟಗಾರರ ಹೆಸರನ್ನೂ ಅಂಕಿಗಳನ್ನೂ ಬಳಸಲು ಪರವಾನಗಿ ಬೇಕೆಂದಾಗ, ಸೇಂಟ್ ಲೂಯಿಸಿನ ಸಣ್ಣ ಕಂಪನಿಯೊಂದು ನ್ಯಾಯಾಲಯದ ಮೆಟ್ಟಿಲೇರಿತು. 2006ರಲ್ಲಿಯೂ ಮೇಲ್ಮನವಿಯಾದ 2007ರಲ್ಲಿಯೂ ಕಂಪನಿಯೇ ಗೆದ್ದಿತು. 2008ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ. ಮೈದಾನದಲ್ಲಿ ಎಲ್ಲರ ಕಣ್ಣೆದುರು ನಡೆದ ಸಂಗತಿ ಎಲ್ಲರ ಸ್ವತ್ತೆಂಬುದು ತೀರ್ಪಿನ ಸಾರ.

ಇನ್ನು ನನ್ನನ್ನು ಚಿಂತೆಗೀಡುಮಾಡಿದ ಭಾಗ. ಸುಮಾರು 2009ರಿಂದ ಅಮೆರಿಕದಲ್ಲಿ ಒಂದೇ ದಿನದಲ್ಲಿ ಮುಗಿಯುವ, ಹಣ ಕಟ್ಟಿ ಆಡುವ ಫ್ಯಾಂಟಸಿ ಆಟ ಬಂದಿತು. ನಮ್ಮಲ್ಲಿ 2008ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಐಪಿಎಲ್ ಹರಾಜು ಆಟಗಾರರ ಬೆಲೆಯನ್ನು ಮನೆಮಾತಾಗಿಸಿತ್ತು. ಅದರ ಬೆನ್ನಿಗೇ ಕ್ರಿಕೆಟ್ಟಿನ ದಿನಗೂಲಿ ಫ್ಯಾಂಟಸಿ ಆಟ ಮೊಬೈಲಿನೊಳಗೆ ಬಂದು ಕುಳಿತಿತು. ಕರ್ನಾಟಕವು 2021ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳ ಮೇಲೆ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ನಿಷೇಧದ ಕಾನೂನನ್ನು ಅಂಗೀಕರಿಸಿತು. ಕೌಶಲವೋ ಜೂಜೋ ಎಂದು ವಕೀಲರು ವರ್ಷಗಟ್ಟಲೆ ವಾದಿಸಿದರು. ಗಣಿತದ ಉತ್ತರ ಇಷ್ಟೇ: ಅದು ಕಾಲಾವಧಿಯನ್ನು ಅವಲಂಬಿಸಿದೆ. ಹತ್ತರಲ್ಲಿ ಮೂರು ಬಾರಿ ಯಶಸ್ವಿಯಾಗಿ ಹೊಡೆಯುವವನು ಬೇಸ್‌ಬಾಲಿನಲ್ಲಿ ಮಹಾ ಬ್ಯಾಟುಗಾರ. ಒಂದು ದಿನದ ನಾಲ್ಕು ಅವಕಾಶಗಳಲ್ಲಿ ಅವನೂ ಸೊನ್ನೆ ಸುತ್ತಬಹುದು, ಸಾಮಾನ್ಯನೂ ಮೆರೆಯಬಹುದು. 162 ಪಂದ್ಯಗಳಾದ ಮೇಲೆ ಮಾತ್ರ ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಕಾಣುತ್ತಾರೆ. ಗ್ಯಾಮ್ಸನ್ನನೂ ಓಕ್ರೆಂಟನೂ ಕಟ್ಟಿದ್ದು ಆರು ತಿಂಗಳ ತಾಳ್ಮೆಯ ಆಟವನ್ನು. ಅದೇ ಆಟವನ್ನು ಒಂದು ಸಂಜೆಗೆ ಇಳಿಸಿದರೆ ಜ್ಞಾನ ಸೋರಿಹೋಗಿ ಅದೃಷ್ಟವಷ್ಟೇ ಉಳಿಯುತ್ತದೆ. ಅದರಲ್ಲಿ ದುಡಿಮೆಯ ಹಣವನ್ನು ಸುರಿಯಬೇಡಿರೆಂದು ನಿಮ್ಮ ಹಿರಿಯನಾಗಿ ಹೇಳುವ ಹಕ್ಕು ನನಗಿದೆಯೆಂದು ಭಾವಿಸುತ್ತೇನೆ.

ಕಡೆಯದಾಗಿ ಒಂದು ನಿಜವಾದ ಪ್ರಸಂಗ. ವೃತ್ತಿಪರ ತಂಡಗಳು ಹೊಸ ಹುಡುಗರನ್ನು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುತ್ತವೆ. 1988ರ ಆಯ್ಕೆಯಲ್ಲಿ ಮೈಕ್ ಪಿಯಾಟ್ಸಾ ಎಂಬ ಹುಡುಗನ ಹೆಸರು ಬಂದದ್ದು 62ನೆಯ ಸುತ್ತಿನಲ್ಲಿ, 1390ನೆಯವನಾಗಿ. ಅದೂ ಅವನ ತಂದೆಗೆ ಸ್ನೇಹಿತನಾಗಿದ್ದ ತರಬೇತುದಾರ ಟಾಮಿ ಲಸೋರ್ಡಾನ ಮಾತಿನ ಮೇಲೆ, ದಾಕ್ಷಿಣ್ಯಕ್ಕಾಗಿ. ಕ್ಯಾಚರಿನ ಕೆಲಸವನ್ನು ಆತ ಆಮೇಲೆ ಕಲಿತ. 1993ರಲ್ಲಿ ಪೂರ್ಣಾವಧಿಯ ಮೊದಲ ಋತುವಿನಲ್ಲಿಯೇ 35 ಹೋಮ್ ರನ್ ಹೊಡೆದು ವರ್ಷದ ಶ್ರೇಷ್ಠ ಹೊಸಬನೆನಿಸಿದ. 2016ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರವನ್ನು ಸೇರಿದ. ಅವನಿಗಿಂತ ಮುಂಚೆ ಆಯ್ಕೆಯಾದ 1389 ಮಂದಿಗೆ ಬೆಲೆ ಕಟ್ಟಿದವರು ದಡ್ಡರಲ್ಲ, ಅಂದು ಕಂಡದ್ದಕ್ಕೆ ಕಟ್ಟಿದರು. ಬೆಲೆಯನ್ನು ಒಂದು ದಿನ ಕೂಗಿ ನಿರ್ಣಯಿಸಬಹುದು. ಮೌಲ್ಯ ತಿಳಿಯಲು ವರ್ಷಗಳು ಬೇಕು. ನಿಮ್ಮ ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗ ಇಷ್ಟನ್ನು ನೆನಪಿಟ್ಟುಕೊಂಡರೆ ಈ ದೀರ್ಘ ಬರಹ ಸಾರ್ಥಕ.